ದೇವರಿಲ್ಲದ ಬೆಟ್ಟ

೧೯೭೫ರ ಆಷಾಢದಲ್ಲಿ ಜಯದೇವಿ ನಾರ್ವೆಯಿಂದ ರಾಜಾಜಿನಗರಕ್ಕೆ ಮರಳಿದಳು. ಗಂಡ ಬಸವಲಿಂಗಪ್ಪನನ್ನು ಕಾರ್ಖಾನೆಯವರು ಒಂದು ವರ್ಷ ತರಬೇತಿಗೆಂದು ಅಲ್ಲಿಗೆ ಕಳಿಸಿದ್ದರು. ಅವಳೂ ಜೊತೆಗೆ ಹೋಗಿದ್ದಳು.

"ಅಡುಗೆ ಆದ್ಮೇಲೆ ಏನ್ ಮಾಡ್ತಿದ್ದೆ ಅಲ್ಲಿ?" ಪಕ್ಕದ ಮನೆಯ ಕಲ್ಯಾಣಮ್ಮ ಕೇಳಿದರು.

"ಬೆಟ್ಟ ಹತ್ತುತಿದ್ದೆ."

ಭಾನುವಾರ ಬಂತೆಂದರೆ ಬಸವಲಿಂಗಪ್ಪ ಅಲ್ಲಿ ಕಂಬಳಿ ಹೊದ್ದು ಮಲಗಿಬಿಡುತ್ತಿದ್ದ. ಹೋದ ಹೊಸದರಲ್ಲೇ ಒಂದು ಭಾನುವಾರ ಮನೆಯೊಡತಿ ಸಿಗ್ರಿಡ್ ಎಂಬ ಮುದುಕಿ ಬಾಗಿಲು ತಟ್ಟಿ, ತನ್ನ ಹಳೆಯ ಬೂಟುಗಳನ್ನು ಜಯದೇವಿಯ ಮುಂದಿಟ್ಟು ಬೆಟ್ಟದತ್ತ ಕೈ ತೋರಿಸಿದ್ದಳು. ಭಾಷೆ ಬರದಿದ್ದರೂ ಅರ್ಥವಾಯಿತು. ಗಂಡನ ಪ್ಯಾಂಟು ತೊಟ್ಟು, ಮೇಲೆ ಸೀರೆ ಎತ್ತಿಕಟ್ಟಿ ಜಯದೇವಿ ಮುದುಕಿಯ ಜೊತೆ ಹೊರಟೇಬಿಟ್ಟಳು.

ಎಲೆ ಉದುರುವ ಕಾಲಕ್ಕೆ ಅಲ್ಲಿನ ಗುಡ್ಡಗಳೆಲ್ಲ ಕುಂಕುಮ ಚೆಲ್ಲಿದ ಹಾಗೆ. ಕಾಲಬುಡದಲ್ಲೇ ಬೆಳೆದ ಹುಳಿಹಣ್ಣನ್ನು ಸೆರಗಿನ ತುಂಬ ತಂದು ಗೊಜ್ಜು ಮಾಡಿದಳು. ಚಳಿಗಾಲದಲ್ಲಿ ಕಾಲಿಗೆ ಉದ್ದನೆಯ ಮರದ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರಿ, ಬಿದ್ದು, ಬಿದ್ದಲ್ಲೇ ನಕ್ಕಳು. ಹಿಮ ಕರಗಿದಾಗ ಹತ್ತುವ ದಾರಿಯೇ ಹಳ್ಳವಾಯಿತು. ಇಬ್ಬರೂ ಕೈ ಹಿಡಿದು ದಾಟಿದರು. ಬೇಸಿಗೆಯಲ್ಲಂತೂ ಸೂರ್ಯನಿಗೆ ಮುಳುಗುವ ಮನಸ್ಸೇ ಇಲ್ಲ. ಬೆಟ್ಟದ ನೆತ್ತಿಯ ಮೇಲೆ ಕಾಫಿ ಕುಡಿಯುತ್ತ, ಕೆಳಗಿನ ಸರೋವರ ನೋಡುತ್ತ ಸುಮ್ಮನೆ ಕೂತಿರುತ್ತಿದ್ದರು.

"ಮೇಲೆ ಯಾವ ದೇವರು?" ಕಲ್ಯಾಣಮ್ಮ ಕೇಳಿದರು.

"ಗುಡಿ ಇಲ್ಲ ಅಲ್ಲಿ."

"ಹರಕೆ ಗಿರಕೆ?"

"ಅದೂ ಇಲ್ಲ."

"ಮತ್ಯಾಕೆ ಹತ್ತಿದೆ?"

"ಭಾನುವಾರ ನನ್ ಜೊತೆ ಬನ್ನಿ" ಎಂದಳು.

ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಇಬ್ಬರೂ ಬಸ್ಸಿನಲ್ಲಿ ಕೆಂಗೇರಿಗೆ ಹೋಗಿ, ಅಲ್ಲಿಂದಾಚೆ ಒಂದು ಬಂಡೆಗುಡ್ಡಕ್ಕೆ ನಡೆದರು. "ಮಂಡಿ ನೋವು ಕಣೇ" ಎಂದು ಕಲ್ಯಾಣಮ್ಮ ಗೊಣಗುತ್ತಲೇ ಹತ್ತಿದರು. ಜಯದೇವಿ ಅವಸರ ಮಾಡಲಿಲ್ಲ. ಸಿಗ್ರಿಡ್ ಮಾಡುತ್ತಿದ್ದ ಹಾಗೆಯೇ ನಾಲ್ಕು ಹೆಜ್ಜೆ ಮುಂದೆ ಹೋಗಿ, ನಿಂತು, ತಿರುಗಿ ಕಾದಳು.

ಮೇಲೆ ತಲುಪಿದಾಗ ಗಾಳಿ ಬೆವರನ್ನೆಲ್ಲ ಹೀರಿಕೊಂಡಿತು. ಕಲ್ಯಾಣಮ್ಮ ಚಪ್ಪಲಿ ಬಿಟ್ಟು ಬಂಡೆಯ ಮೇಲೆ ಕಾಲು ಚಾಚಿದರು. ಮೋಡದ ನೆರಳು ಹೊಲಗಳ ಮೇಲೆ ಸರಿಯಿತು. ದೂರದಲ್ಲಿ ಮೈಸೂರಿನ ರೈಲು ಹೊಗೆ ಬಿಡುತ್ತ ಬಂತು.

ಹನಿ ಶುರುವಾಯಿತು. ಜಯದೇವಿ ಎದ್ದಳು. "ಇಳಿಯೋಣ್ವಾ?"

"ತಾಳು, ಆ ರೈಲು ಹೋಗ್ಲಿ."

ಜಯದೇವಿ ಸೆರಗನ್ನು ತಲೆಗೆಳೆದುಕೊಂಡು ಪಕ್ಕದಲ್ಲಿ ಕೂತಳು. ರೈಲು ಮರೆಯಾದ ಮೇಲೂ ಇಬ್ಬರೂ ಏಳಲಿಲ್ಲ.