ಅಂಡಮಾನಿಗೆ ಯಾವ ತಿಂಗಳು?

ಮಾರ್ಚ್ ತಿಂಗಳ ಆ ಮುಂಜಾವು... ಬಣಕಲ್ಲಿನ ಗಿರಿಪಂಕ್ತಿಗಳ ಮೇಲೆ ಮಂಜು ಕರಗುತ್ತ ಕರಗುತ್ತ, ಬೇಸಿಗೆಯ ಮೊದಲ ಮಳೆಯಾದ ಹೂಮಳೆಯ ಸ್ಪರ್ಶಕ್ಕೆ ಅರಳಿದ ಕಾಫಿಯ ಶ್ವೇತಸುಮಗಳ ಸೌರಭ ಕಣಿವೆಯನ್ನೆಲ್ಲ ತುಂಬಿ, ಜೇನ್ನೊಣಗಳ ಝೇಂಕಾರದಲ್ಲಿ ದಿಗಂತವೇ ಮೈಮರೆತಿತ್ತು! ಆದರೆ ಸಹೃದಯರೇ, ಅಂಗಳದಲ್ಲಿ ನಿಂತ ಪ್ರೇಮಲತಾಗೆ ಮಾತ್ರ ಆ ಹೂ ಕಂಡರೆ ಮೈ ಉರಿಯುತ್ತಿತ್ತು.

ಅಂಡಮಾನಿನ ನೀಲಸಾಗರವನ್ನು ತೋರಿಸುವೆನೆಂದು ಪತಿ ಚನ್ನಬಸವ ಮಾತು ಕೊಟ್ಟದ್ದು ಮದುವೆಯ ಹೊಸತರಲ್ಲಿ. ಈಗ ಮಗಳ ಮದುವೆಯೂ ಆಗಿತ್ತು. ದ್ವೀಪಕ್ಕೆ ನವೆಂಬರಿನಿಂದ ಏಪ್ರಿಲ್ ಪ್ರಶಸ್ತವೆಂದು ಕಂಡವರೆಲ್ಲ ಹೇಳುತ್ತಾರೆ. ಆದರೆ ನವೆಂಬರ್ ಬಂತೆಂದರೆ ಕಾಫಿಹಣ್ಣಿನ ಕೊಯ್ಲು, ಜನವರಿಯಲ್ಲಿ ಕಣದ ತುಂಬ ಕಾಫಿ, ಅದು ಮುಗಿದರೆ ಮೆಣಸು, ಆಮೇಲೆ ಹೂಮಳೆಗಾಗಿ ಆಕಾಶ ನೋಡುವ ತಪಸ್ಸು! ಬಿದ್ದ ಮಳೆಯನ್ನು ಇಂಚಿಗೆ ನೂರರಂತೆ ಸೆಂಟುಗಳಲ್ಲಿ ಅಳೆದು, ಸುತ್ತಲ ತೋಟದವರಿಗೆಲ್ಲ ಫೋನು ಮಾಡಿ, "ನಿಮ್ಮಲ್ಲೆಷ್ಟು ಸೆಂಟು?" ಎಂದು ವಿಚಾರಿಸುವುದರಲ್ಲೇ ಆತನ ವಸಂತಗಳೆಲ್ಲ ಕಳೆದಿದ್ದವು. ಅಬ್ಬಾ, ಪ್ಲಾಂಟರನ್ನು ಕಟ್ಟಿಕೊಂಡವರ ಪಾಡೇ!

ಈ ಸಲ ಟಿಕೆಟ್ಟೂ ಆಗಿತ್ತು.

"ಹೂ ಬಂತಲ್ಲ, ಇನ್ನೇನ್ರಿ?" ಎಂದಳು.

"ಕಾಯಿ ಕಚ್ಚೋಕೆ ಹೂವಿನ ಹಿಂದೆ ಇನ್ನೊಂದು ಮಳೆ ಬೇಕಲ್ಲ ಮಾರಾಯ್ತಿ. ಬರದಿದ್ರೆ ಸ್ಪ್ರಿಂಕ್ಲರ್ ಹಾಕಿಸ್ಬೇಕು. ಟಿಕೆಟ್ ಕ್ಯಾನ್ಸಲ್ ಮಾಡ್ದೆ."

"ಹಾಗಾದ್ರೆ ತೋಟದ ಕೆಲಸ ಕಡಿಮೆ ಇರೋ ಜುಲೈಲಿ ಹೋಗೋಣ."

"ಆಗ ಅಲ್ಲೂ ಮಳೆನೇ ಅಲ್ವಾ?"

"ಇರ್ಲಿ. ನೀವು ಬರದಿದ್ರೆ ನಾನೊಬ್ಳೇ ಹೋಗ್ತೀನಿ. ಇನ್ನು ನಿಮ್ಮನ್ನ ಕೇಳಲ್ಲ."

ಆ ದನಿಯಲ್ಲಿ ಕೋಪವಿರಲಿಲ್ಲ. ಚನ್ನಬಸವ ಹೆದರಿದ್ದು ಅದಕ್ಕೇ.

ಜುಲೈ ಬಂತು, ಇಬ್ಬರೂ ಹೋದರು. ದೋಣಿಗಳು ನಿಂತಿದ್ದವು, ಕಡಲು ಒಲೆಯ ಬೂದಿಯಂತಿತ್ತು, ನೀಲಿಯ ಸುಳಿವೇ ಇಲ್ಲ! ಸಾಲದ್ದಕ್ಕೆ ಈ ಮಹಾಶಯ ಪೆಟ್ಟಿಗೆಯಲ್ಲಿ ಮಳೆಮಾಪಕವನ್ನೇ ಹೊತ್ತು ತಂದಿದ್ದ! ಅದನ್ನು ವಸತಿಗೃಹದ ಅಂಗಳದಲ್ಲಿಟ್ಟು, ತೋಟದ ಲೆಕ್ಕ ಬರೆಯುವ ರೈಟರಿಗೆ ಫೋನು ಮಾಡಿ ಅಲ್ಲಿಯ ಮಳೆಗೂ ಇಲ್ಲಿಯ ಮಳೆಗೂ ತಾಳೆ ನೋಡತೊಡಗಿದ. ಪ್ರೇಮಲತಾ ಎದ್ದು ಹೊರನಡೆದಳು.

ಸಂಜೆ ಮಾಪಕ ನೋಡಲು ಬಗ್ಗಿದವನಿಗೆ ದೂರದ ದಡದಲ್ಲಿ ಕೊಡೆಯೂ ಇಲ್ಲದೆ ನೆನೆಯುತ್ತ ನಿಂತ ಹೆಂಡತಿ ಕಂಡಳು. ಅಷ್ಟು ವರ್ಷ ಅವಳು ಕಾದದ್ದು ಈ ಬೂದುಗಡಲಿನೆದುರು ಒಬ್ಬಳೇ ನಿಲ್ಲುವುದಕ್ಕೇ? ಬಗ್ಗಿದವನು ನೆಟ್ಟಗಾಗಿ, ಬರಿಗಾಲಲ್ಲೇ ಮರಳಿಗಿಳಿದು ಅವಳ ಪಕ್ಕ ನಿಂತ.

"ಎಷ್ಟು ಸೆಂಟು ಬಿತ್ತು?" ಎಂದಳು, ಅವನ ಕಡೆ ತಿರುಗದೆ.

"ನೋಡ್ಲಿಲ್ಲ ಪ್ರೇಮಾ."

ಅವಳು ಅವನ ಒದ್ದೆ ತೋಳು ಹಿಡಿದಳು. ದ್ವೀಪಕ್ಕೆ ಯಾವ ತಿಂಗಳು ಪ್ರಶಸ್ತವೋ ಬಲ್ಲವರು ಹೇಳಲಿ... ಕಾದು ಕಾದು ರೋಸಿಹೋದ ಮೇಲೂ, ಪಕ್ಕದಲ್ಲೊಬ್ಬರು ಬಂದು ನಿಂತರೆಂಬಷ್ಟಕ್ಕೇ ಮತ್ತೆ ಅರಳಿಬಿಡುವ ಈ ಮನುಷ್ಯಹೃದಯಕ್ಕೆ ಏನು ಹೇಳುವುದು!