ಇವರ ನೆನಪಿನಲ್ಲಿ

"ಯಾವಾಗ ಹೋದ್ರು?"

ಪಕ್ಕದಲ್ಲಿ ಓಡುತ್ತಿದ್ದ ಹೆಂಗಸು ಕೇಳಿದಳು. ಇನ್ನೂ ಮೊದಲ ತಿರುವು ದಾಟಿರಲಿಲ್ಲ. ಅವನ ಉಸಿರು ಆಗಲೇ ಬಾಯಿಗೆ ಬಂದಿತ್ತು.

"ಯಾರು? ಎಲ್ಲಿಗೆ?"

"ನಿಮ್ಮಣ್ಣ."

ಅಣ್ಣ ಎಲ್ಲಿಗೂ ಹೋಗಿರಲಿಲ್ಲ. ಬೆಳಿಗ್ಗೆ ಬಚ್ಚಲಿನ ಬಾಗಿಲು ಬಡಿದು, "ಲೋ ಓಟಗಾರ, ಒಳಗೇ ಓಡ್ತಿದೀಯೇನೋ? ಬೇಗ ಬಾ" ಎಂದು ಕೂಗಿದ್ದ. ಈ ಹೊತ್ತಿಗೆ ಓಟ ಮುಗಿಯುವ ಜಾಗದಲ್ಲಿ, ಅತ್ತಿಗೆಯ ಹಸಿರು ಕೊಡೆಯ ಕೆಳಗೆ, ಮಡಿಸುವ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ.

"ಅಣ್ಣ ಅಂತ ನಿಮಗೆ ಹೇಗೆ ಗೊತ್ತು?"

"ಬೆನ್ನ ಮೇಲೆ ಬರ್ಕೊಂಡಿದೀರಲ್ಲ." ಅವಳು ಓಡುತ್ತಲೇ ಅರ್ಧ ತಿರುಗಿ ತನ್ನ ಬೆನ್ನು ತೋರಿಸಿದಳು. ಅಲ್ಲೂ ಪಿನ್ನು ಹಾಕಿದ ಅಂಥದೇ ಬಟ್ಟೆಯ ಚೌಕ. ಮೇಲೆ ಅಚ್ಚಾದ ಸಾಲು: ಇವರ ನೆನಪಿನಲ್ಲಿ ಓಡುತ್ತಿದ್ದೇನೆ. ಕೆಳಗೆ ದಪ್ಪ ಪೆನ್ನಿನಲ್ಲಿ: ನಮ್ಮ ಯಜಮಾನರು.

ಅವನು ಆ ಸಾಲನ್ನು ಇನ್ನೊಮ್ಮೆ ಓದಿದ.

ಆ ಸಾಲನ್ನು ತಿದ್ದಿದವನು ಅವನೇ. ಬಡ ರೋಗಿಗಳ ಡಯಾಲಿಸಿಸ್ಸಿಗೆ ಹಣ ಎತ್ತಲು ಕಿಡ್ನಿ ಆಸ್ಪತ್ರೆಯವರು ಇಟ್ಟುಕೊಂಡ ಓಟ ಇದು. ಬಟ್ಟೆ ಅಚ್ಚಾಗಿದ್ದು ಅವನು ಕರಡು ತಿದ್ದುವ ಪ್ರೆಸ್ಸಿನಲ್ಲಿ. ಆಸ್ಪತ್ರೆಯವರು ಬರೆದು ಕಳಿಸಿದ್ದು 'ಇವರನ್ನು ನೆನಪಿನಲ್ಲಿಟ್ಟು ಓಡುತ್ತಿದ್ದೇನೆ' ಎಂದು. ಒಂದು ಸಾಲಿನಲ್ಲಿ ಹಿಡಿಯಲಿಲ್ಲ. "ಕೊಂಬು, ಸ್ವಲ್ಪ ಕತ್ತರಿಸಿ ಕೊಡಯ್ಯ," ಎಂದಿದ್ದ ಮಷಿನ್ನಿನವನು. ಪ್ರೆಸ್ಸಿನಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಾಗೇ. ಬೇರೆಯವರು ಬಿಟ್ಟ ಕೊಂಬು, ಒತ್ತು, ದೀರ್ಘಗಳನ್ನು ಹುಡುಕಿ ಹುಡುಕಿ ಹಚ್ಚುವುದೇ ಅವನ ಕಸುಬು.

ಅವನು ಕೆಂಪು ಪೆನ್ನಿನಿಂದ ಎರಡು ಕಡೆ ಗೀಟು ಹಾಕಿದ. 'ಇವರನ್ನು' ಹೋಗಿ 'ಇವರ' ಆಯಿತು. 'ನೆನಪಿನಲ್ಲಿಟ್ಟು' ಹೋಗಿ 'ನೆನಪಿನಲ್ಲಿ' ಆಯಿತು. ಸಾಲು ಅಚ್ಚುಕಟ್ಟಾಗಿ ಕೂತಿತು. ಇದ್ದವನು ಸತ್ತ.

ನಿನ್ನೆ ಸಂಜೆ ಅದರ ಕೆಳಗೆ 'ನನ್ನ ಅಣ್ಣ' ಎಂದು ಬರೆದಾಗಲೂ ಅವನ ಕಣ್ಣಿಗೆ ಬೀಳಲಿಲ್ಲ. ಊರಿನವರ ತಪ್ಪನ್ನೆಲ್ಲ ಹಿಡಿಯುವ ಕಣ್ಣು.

ಅಯ್ಯೋ, ಅಚ್ಚಿನ ತಪ್ಪು ಕಣ್ರೀ, ಅಣ್ಣ ಇದಾನೆ. ಅಷ್ಟು ಅಂದಿದ್ದರೆ ಸಾಕಿತ್ತು. ಇಬ್ಬರೂ ನಕ್ಕು ಮುಂದೆ ಓಡುತ್ತಿದ್ದರು.

"ಹೋದ ವರ್ಷ," ಎಂದ.

"ಕಿಡ್ನಿನೇನಾ?"

"ಹೂಂ."

"ಕೊಡೋರು ಯಾರೂ ಸಿಗ್ಲಿಲ್ವಾ?"

"ಹೊಂದ್ಲಿಲ್ಲ."

"ಯಾರ್ದು?"

"ನಂದು."

ಅವಳು ಅಯ್ಯೋ ಪಾಪ ಅನ್ನಲಿಲ್ಲ. ಕೈ ಚಾಚಿ ಅವನ ಭುಜ ಒಮ್ಮೆ ಒತ್ತಿದಳು. ಆ ಕೈ ಅವನಿಗೆ ಬೇಕಾಗಿತ್ತು ಅನ್ನಿಸಿ ಅವನಿಗೇ ಹೇಸಿಗೆಯಾಯಿತು.

ಮೊನ್ನೆ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಡಾಕ್ಟರು ಅವನೊಬ್ಬನನ್ನೇ ನಿಲ್ಲಿಸಿಕೊಂಡಿದ್ದರು. "ನಿಮ್ಮದು ಹೊಂದುತ್ತೆ. ಆದ್ರೆ ಕೊಡ್ಲೇಬೇಕು ಅಂತೇನಿಲ್ಲ. ಮನಸ್ಸಿಲ್ಲ ಅಂದ್ರೆ ನನಗೊಬ್ಬನಿಗೆ ಹೇಳಿ. ಹೊಂದಲ್ಲ ಅಂತ ಮನೆಯವರಿಗೆ ನಾನೇ ಹೇಳ್ತೀನಿ. ಯಾರಿಗೂ ಗೊತ್ತಾಗಲ್ಲ." ನಾಳೆ ಬೆಳಿಗ್ಗೆ ಉತ್ತರ ಕೊಡಬೇಕು. ಮನೆಯಲ್ಲಿ ಅವನು ಫಲಿತಾಂಶ ಇನ್ನೂ ಬಂದಿಲ್ಲ ಎಂದಿದ್ದ. "ಬರುತ್ತೆ ಬಿಡೋ, ಅವಸರ ಏನು," ಎಂದಿದ್ದ ಅಣ್ಣ, ಅಳೆದು ಕೊಟ್ಟ ನೀರಿನ ಲೋಟವನ್ನು ಗುಟುಕು ಗುಟುಕಾಗಿ ಕುಡಿಯುತ್ತ.

ಹೊಂದುತ್ತೆ. ಹೊಂದಲ್ಲ. ಮೂರು ದಿನದಿಂದ ಎರಡೂ ಪದ ಅವನ ತಲೆಯಲ್ಲಿ ಅಕ್ಕಪಕ್ಕ ಕೂತಿದ್ದವು. ಎರಡರಲ್ಲೂ ಕಾಗುಣಿತದ ತಪ್ಪಿರಲಿಲ್ಲ.

ವಿಚಿತ್ರವೆಂದರೆ, 'ಹೊಂದ್ಲಿಲ್ಲ' ಎಂದ ಮೇಲೆ ಕಾಲು ಹಗುರಾಯಿತು. ಉಸಿರು ಒಂದು ಹದಕ್ಕೆ ಬಂತು. ಅಭ್ಯಾಸ ಅಂತ ಅವನು ಮಾಡಿದ್ದು ಮನೆಯ ಹಿಂದಿನ ಬೀದಿಯಲ್ಲಿ, ನಾಯಿ ಅಟ್ಟಿಸಿಕೊಂಡು ಬಂದಷ್ಟು ದೂರ. ಈಗ ನೋಡಿದರೆ ಹುಟ್ಟಾ ಓಟಗಾರನ ಹಾಗೆ ಹೆಜ್ಜೆ ಬೀಳುತ್ತಿತ್ತು. ಅಣ್ಣ ಸತ್ತು ಒಂದು ವರ್ಷವಾಗಿತ್ತು. ತನ್ನದು ಹೊಂದಿರಲಿಲ್ಲ. ಮಾಡಬೇಕಾದ್ದನ್ನೆಲ್ಲ ಮಾಡಿಯಾಗಿತ್ತು. ಉಳಿದದ್ದು ಇಷ್ಟೇ: ಬಿಸಿಲು, ರಸ್ತೆ, ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುವ ಜನ.

"ಮುಂದೆ ನಡೀರಿ, ಮುಂದೆ ನಡೀರಿ, ಒಳಗೆ ಜಾಗ ಇದೆ!" ಹೆಂಗಸು ಎದುರಿನ ಗುಂಪಿಗೆ ಕೂಗಿದಳು. ಗುಂಪು ನಗುತ್ತ ದಾರಿ ಬಿಟ್ಟಿತು. "ಬಸ್ ಕಂಡಕ್ಟರು ನಾನು," ಎಂದಳು ಅವನಿಗೆ. "ದಿನಾ ನಿಂತೂ ನಿಂತೂ ಕಾಲು ಕಬ್ಬಿಣ ಆಗಿದೆ. ನಿಮ್ಮದೇನು, ಕೂತ್ಕೊಂಡು ಮಾಡೋ ಕೆಲಸನಾ?"

"ತಪ್ಪು ಹುಡುಕೋದು."

"ಹಾಗಾದ್ರೆ ನಮ್ಮತ್ತೆ ಕೆಲಸ." ಅವಳು ನಕ್ಕಳು. ಅವನೂ ನಕ್ಕ. ಆಮೇಲೆ ಅವಳು ನಗು ನಿಲ್ಲಿಸಿ ಕೇಳಿದಳು: "ಮನೆಯವರು ಯಾರಾದ್ರೂ ಬಂದಿದಾರಾ?"

"ಅತ್ತಿಗೆ." ಬಾಯಿಂದ ಜಾರಿತು.

"ಎಲ್ಲಿದಾರೆ?"

"ಕೊನೇಲಿ. ಹಸಿರು ಕೊಡೆ." ಇದೂ ಜಾರಿತು.

"ಒಬ್ಬರೇನಾ? ಛೇ. ನೀವು ನಿಧಾನಕ್ಕೆ ಬನ್ನಿ, ನಾನು ಹೋಗಿ ಮಾತಾಡಿಸ್ತೀನಿ. ಗಂಡ ಇರೋರು ಎಷ್ಟು ಸಮಾಧಾನ ಹೇಳಿದ್ರೂ ತಾಗಲ್ಲ ಕಣ್ರೀ, ನನಗೆ ಗೊತ್ತು."

"ಬೇಡ... ಅವರಿಗೆ ಅದೆಲ್ಲ..."

ಅವಳು ಆಗಲೇ ಮುಂದಿದ್ದಳು.

ಮೋಜಿನ ಓಟ, ಗೆಲ್ಲುವವರು ಸೋಲುವವರು ಯಾರೂ ಇಲ್ಲ ಎಂದು ಬೆಳಿಗ್ಗೆ ಮೈಕಿನಲ್ಲಿ ಹೇಳಿದ್ದರು. ಅವನು ಹಲ್ಲು ಕಚ್ಚಿ ಓಡತೊಡಗಿದ. ಮುಖಕ್ಕೆ ಬಣ್ಣ ಬಳಿದುಕೊಂಡವರು, ಕೈಕೈ ಹಿಡಿದ ಗಂಡಹೆಂಡಿರು, ಮಗು ಹೊತ್ತವನು, ಎಲ್ಲರ ನಡುವೆ ನುಗ್ಗಿದ. "ಏನ್ರೀ ಇದು, ಮನೆಗೆ ಬೆಂಕಿ ಬಿದ್ದಿದ್ಯಾ?" ಎಂದು ಯಾರೋ ಬೈದರು.

ಕಂಡಕ್ಟರ್ ಹೆಂಗಸಿನ ಬೆನ್ನಿನ ಬಿಳಿ ಚೌಕ ಮುಂದೆ ಕುಣಿಯುತ್ತಿತ್ತು.

ಕೈ ಹಿಂದೆ ಹಾಕಿ ತನ್ನ ಬೆನ್ನಿನ ಬಟ್ಟೆಯನ್ನು ಜಗ್ಗಿದ. ಒಂದು ಪಿನ್ನು ಬಿಚ್ಚಿ ಬೆರಳಿಗೆ ಚುಚ್ಚಿತು. ಮಿಕ್ಕವು ಕೈಗೆ ಎಟುಕಲಿಲ್ಲ. ಅಂಗಿಯನ್ನೇ ಬಿಚ್ಚಿ ಮುದುರಿ ಕೈಯಲ್ಲಿ ಹಿಡಿದು ಓಡಬಹುದಿತ್ತು. ಬಿಚ್ಚಲಿಲ್ಲ. ಯಾಕೆ ಎಂದು ಕೇಳಿಕೊಳ್ಳಲೂ ಇಲ್ಲ.

ಹಿಂದಿನಿಂದ ಯಾರೋ ಕೂಗಿದರು: "ಹಾಗೇ ಹೋಗಿ ಸಾರ್! ನಿಮ್ಮಣ್ಣ ಮೇಲಿಂದ ನೋಡ್ತಾ ಇರ್ತಾರೆ!"

ಬಲ ಪಕ್ಕೆ ಹಿಡಿದುಕೊಂಡಿತು. ಒಳಗೆ ಯಾರೋ ಕೈ ಹಾಕಿ ಹಿಂಡಿದ ಹಾಗೆ. ಅವನು ಪಕ್ಕೆಯ ಮೇಲೆ ಅಂಗೈ ಒತ್ತಿ, ಡೊಂಕಾಗಿ ಓಡಿದ. ಕೊಟ್ಟ ಮೇಲೆ ಇಲ್ಲೇ ಇರುತ್ತದಂತೆ ಗಾಯದ ಗೆರೆ. ಕೊಡದಿದ್ದರೆ ಎಲ್ಲಿರುತ್ತದೋ.

ಕೊನೆಯ ತಿರುವು. ಬಲೂನಿನ ಕಮಾನು. ರಸ್ತೆಗೆ ಅಡ್ಡ ಎಳೆದ ಬಿಳಿ ಸುಣ್ಣದ ಗೆರೆ. ಕಮಾನಿನ ಆಚೆ ಹಸಿರು ಕೊಡೆ.

ಕಂಡಕ್ಟರು ಮುಟ್ಟಿಯಾಗಿತ್ತು. ಕೊಡೆಯ ಕೆಳಗೆ ಬಗ್ಗಿ, ಅತ್ತಿಗೆಯ ಎರಡೂ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದಳು. ಅತ್ತಿಗೆ ಅವಳ ಭುಜದ ಮೇಲಿಂದ ನೇರವಾಗಿ ಇವನನ್ನೇ ನೋಡುತ್ತಿದ್ದಳು. ನಗುತ್ತಿದ್ದಳೋ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಳೋ ತಿಳಿಯಲಿಲ್ಲ.

ಪಕ್ಕದ ಕುರ್ಚಿ ಖಾಲಿ ಇತ್ತು.

ಒಂದು ಕ್ಷಣ, ಒಂದೇ ಒಂದು ಕ್ಷಣ, ಆ ಖಾಲಿ ಕುರ್ಚಿ ಅವನಿಗೆ ಅಚ್ಚರಿಯಾಗಿ ಕಾಣಲಿಲ್ಲ.

"ಬಂದ್ಯೇನೋ!"

ಅಣ್ಣ ಗೆರೆಯ ಮೇಲೆಯೇ ನಿಂತಿದ್ದ. ಊದಿದ ಮುಖ, ಸಡಿಲ ಅಂಗಿ, ಎರಡೂ ಕೈ ಅಗಲಿಸಿ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವನು ಓಡಿದ ಭರದಲ್ಲೇ ಹೋಗಿ ಅಣ್ಣನ ಎದೆಗೆ ಬಿದ್ದ. ಇಬ್ಬರೂ ತೂರಾಡಿ ನಿಂತರು.

"ನೀನು ಸತ್ತೇ ಹೋಗ್ತೀಯ ಅಂದ್ಕೊಂಡಿದ್ದೆ ಕಣೋ," ಎಂದು ಅಣ್ಣ ನಕ್ಕ. "ನಾನೇ ಓಡಿದ್ರೂ ಇಷ್ಟೊತ್ತಿಗೆ ಮುಟ್ತಿದ್ದೆ."

"ಆ ಹೆಂಗಸು... ಏನಂದ್ಲು?"

"ಯಾವ ಹೆಂಗಸು? ಯಾರೋ ನಿಮ್ಮತ್ತಿಗೆ ಹತ್ರ ಮಾತಾಡ್ತಿದ್ರು. ನಾನು ನಿನ್ನ ನೋಡೋಣ ಅಂತ ಎದ್ದು ಬಂದೆ." ಅಣ್ಣನ ಬೆರಳು ಅವನ ಬೆನ್ನ ಮೇಲೆ ತಡವಿತು. "ಲೋ, ಪಿನ್ನು ಬಿಚ್ಚಿದೆ. ಏನಿದು, ಏನೋ ಬರ್ಸಿದೀಯ. ತಿರುಗು, ನೋಡೋಣ."

"ಆಮೇಲೆ."

"ತಿರುಗೋ."

"ಉಸಿರು ಬರ್ಲಿ, ಇರು."

ಅವನು ತಿರುಗಲಿಲ್ಲ. ಅಣ್ಣನನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡ. ನೋಡಿದವರು ಪ್ರೀತಿ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಅಣ್ಣ ಅವನ ಭುಜದ ಮೇಲೆ ಗದ್ದ ಊರಿ ಕೆಳಗೆ ಬಗ್ಗಿದ. "ತಲೆಕೆಳಗಾಗಿ ಕಾಣ್ತಿದೆ ಕಣೋ. ಇ... ವ..."

"ಸಾರ್, ಗೆರೆ ದಾಟಿ! ಇನ್ನೊಂದೇ ಹೆಜ್ಜೆ, ಗೆರೆ ದಾಟಿ!" ಮೈಕು ಕೂಗಿತು. ಹಿಂದಿನವರು ಇಬ್ಬರ ಎಡಬಲಕ್ಕೆ ಸೀಳಿಕೊಂಡು ಓಡಿಹೋಗುತ್ತಿದ್ದರು.

ಅಣ್ಣನ ಎಡಗೈ ಆ ಸಾಲಿನ ಮೇಲೆಯೇ ಇತ್ತು. ಡಯಾಲಿಸಿಸ್ಸಿಗೆಂದು ರಕ್ತನಾಳ ಸೇರಿಸಿ ಹೊಲಿದ ಕೈ. ಅಲ್ಲಿ ಚರ್ಮದ ಕೆಳಗೆ ರಕ್ತ ಹಗಲೂ ರಾತ್ರಿ ಗುಂಯ್ ಎನ್ನುತ್ತದೆ. ಜೇನು ಸಾಕಿದೀನಿ ಎಂದು ಅಣ್ಣ ಬಂದವರಿಗೆಲ್ಲ ಮುಟ್ಟಿಸಿ ನಗಿಸುತ್ತಾನೆ. ಅವನು ಇದುವರೆಗೆ ಮುಟ್ಟಿರಲಿಲ್ಲ. ಈಗ ಅದು ಬಟ್ಟೆಯನ್ನು, ಅಚ್ಚಾದ ಅಕ್ಷರಗಳನ್ನು ದಾಟಿ ಅವನ ಬೆನ್ನಿಗೆ ತಾಗುತ್ತಿತ್ತು. ಗುಂಯ್.

"...ರ," ಎಂದ ಅಣ್ಣ.

ಸುಣ್ಣದ ಗೆರೆ ಅವನ ಕಾಲಿನ ಹೆಬ್ಬೆರಳ ಮುಂದೆ, ಇನ್ನೇನು ಮುಟ್ಟುವಷ್ಟು ಹತ್ತಿರ, ಬಿಳಿಯಾಗಿ ಬಿದ್ದಿತ್ತು.