ಹದಿನೆಂಟು ಪದರ

ಹದಿನೆಂಟನೆಯ ಪದರವನ್ನೂ ಕೆರೆದಾಗಿತ್ತು. ಕೆಳಗೆ ಕಪ್ಪು ಕಾಣಬೇಕಿತ್ತು. ಕಂಡದ್ದು ಬಿಳಿ.

ಸೊಸೆ ಬ್ಲೇಡು ಕೆಳಗಿಟ್ಟು ಗ್ಯಾಲರಿಯ ಹಳೇ ಪುಸ್ತಕವನ್ನು ಮತ್ತೆ ತೆರೆದಳು. ಕಲಾವಿದರೇ ಸೇರಿ ನಡೆಸುವ ಈ ಗ್ಯಾಲರಿಯಲ್ಲಿ ಮೊದಲಿನಿಂದಲೂ ಒಂದು ಕಟ್ಟಳೆ: ಪ್ರದರ್ಶನ ಮುಗಿದ ಮೇಲೆ ಗೋಡೆಗೆ ಒಂದೇ ಸಲ ಬಣ್ಣ ಬಳಿದು ಮುಂದಿನವರಿಗೆ ಬಿಟ್ಟುಕೊಡಬೇಕು, ಬಳಿದವರು ಪುಸ್ತಕದಲ್ಲಿ ಸಹಿ ಹಾಕಬೇಕು. ಅವಳ ಅತ್ತೆ ಈ ಗೋಡೆಯ ಮೇಲೆ ಕಪ್ಪು ಬಣ್ಣದಲ್ಲಿ ತಮ್ಮದೇ ಮುಖ ಬರೆದಿದ್ದರು. ಆಮೇಲೆ ಬಿದ್ದದ್ದು ಹದಿನೆಂಟು ಸಹಿ. ಬೆರಳಿಟ್ಟು ಎಣಿಸಿದಳು. ಹದಿನೆಂಟೇ. ಹಾಗಾದರೆ ಈ ಬಿಳಿ ಚಿತ್ರದ ಹಿಂದಿನ ಗೋಡೆಯದೇ, ಚಿತ್ರವೂ ಬ್ಲೇಡಿಗೆ ಸಿಕ್ಕಿ ಪುಡಿಯಾಗಿದೆ.

ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೆರೆದು, ಎಲ್ಲರ ಬಣ್ಣವನ್ನೂ ತೋರಿಸಿ, ನಡುವೆ ಅತ್ತೆಯನ್ನು ಹೊರತೆಗೆಯುವುದು ಅವಳ ಹೊಸ ಕೃತಿ. ಇನ್ನು ನಾಲ್ಕು ದಿನಕ್ಕೆ ಉದ್ಘಾಟನೆ. ಆ ಚಿತ್ರದ ಫೋಟೊ ಇಲ್ಲ. ಅತ್ತೆಯ ಕೈಯದೆಂದು ಉಳಿದದ್ದು ಅದೊಂದೇ. "ಅತ್ತೆ ಇಲ್ಲದ ಮನೆ ಸೇರಿದೀಯ, ಪುಣ್ಯವಂತೆ ಬಿಡು" ಎಂದು ಗೆಳತಿಯರು ಚುಡಾಯಿಸುತ್ತಿದ್ದರು. ಈಗ ನೋಡಿದರೆ, ಇಲ್ಲದ ಅತ್ತೆಯನ್ನು ಇನ್ನೊಮ್ಮೆ ಇಲ್ಲವಾಗಿಸಿ ಕೂತಿದ್ದಳು ಪುಣ್ಯವಂತೆ! ಮಾವ "ಬೇಡಮ್ಮ, ಇದ್ದಲ್ಲಿ ಇರ್ಲಿ" ಅಂದಿದ್ದರು. ಎರಡು ತಿಂಗಳು ಕಾಡಿ ಬೇಡಿ ಒಪ್ಪಿಸಿದವಳು ಇವಳೇ.

ನೆಲದ ಪುಡಿಯನ್ನು ಅಂಗೈಯಲ್ಲಿ ತಿಕ್ಕಿ ನೋಡಿದಳು. ಯಾರೋ ಮಹಾನುಭಾವ ನಡುವೆ ಒಮ್ಮೆ ಕಡುಗಪ್ಪು ಬಳಿದಿದ್ದ. ಪುಡಿಯೆಲ್ಲ ಬೂದಿ ಬಣ್ಣ. ಇದರಲ್ಲಿ ಅತ್ತೆ ಎಷ್ಟು, ಅವನೆಷ್ಟು? ಓಡಿಹೋಗೋಣವೆನ್ನಿಸಿತು.

ಅಷ್ಟರಲ್ಲಿ ಚಹಾದ ಫ್ಲಾಸ್ಕು ಹಿಡಿದು ಮಾವ ಬಂದರು.

"ಮಾವ, ಹೋಯ್ತು. ಅತ್ತೆ ಚಿತ್ರ ಹೋಯ್ತು. ನಾನೇ ಕೆರೆದು ಹಾಕ್ಬಿಟ್ಟೆ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗೋಡೆಯ ಹತ್ತಿರ ಹೋಗಿ ಬಿಳಿಯನ್ನು ಉಗುರಿನಿಂದ ಮುಟ್ಟಿದರು.

"ಹೋಗಿಲ್ಲ."

"ಎಣಿಸಿದೀನಿ ಮಾವ, ಹದಿನೆಂಟೂ..."

"ಹತ್ತೊಂಬತ್ತಮ್ಮ." ಅವರ ದನಿ ಸಣ್ಣಗಾಗಿತ್ತು. "ಮೊದಲನೇ ಸಹಿ ನಂದೇ ಅಲ್ವಾ? ಅವಳು ಆಸ್ಪತ್ರೇಲಿದ್ಲು. ಮುಂದಿನವರು ಗೋಡೆ ಬಿಡಿ ಅಂತ ತಲೆ ತಿಂತಿದ್ರು. ಒಂದ್ಸಲ ಬಳಿದೆ, ಮುಚ್ಚಲಿಲ್ಲ. ಒಳಗಿಂದ ನೋಡ್ತಾನೇ ಇದ್ಲು. ಇನ್ನೊಂದ್ಸಲ ಬಳಿದೆ. ಅವಳನ್ನ ಎರಡು ಸಲ ಅಳಿಸಿದೆ ಅಂತ ಯಾವ ಕೈಯಲ್ಲಿ ಬರೀಲಿ?"

"ಅತ್ತೆಗೆ ಗೊತ್ತಿತ್ತಾ?"

"ದಿನಾ ಕೇಳೋಳು. ಹಾಗೇ ಇದೆ ಕಣೆ, ನೀನೇ ಬಂದು ನೋಡು ಅಂತಿದ್ದೆ. ನಂಬ್ಕೊಂಡೇ ಹೋದ್ಲು."

ಸೊಸೆ ಬ್ಲೇಡನ್ನು ಅವರ ಕಡೆ ಚಾಚಿದಳು. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ನನ್ನಿಂದಾಗಲ್ಲ. ಭಯ ಆಗುತ್ತೆ ಕಣಮ್ಮ. ನೀನೇ ಕೆರಿ."

ಅವರು ಕಿಟಕಿಯ ಕಡೆ ಮುಖ ಮಾಡಿ ನಿಂತರು. ಅವಳು ಉಸಿರು ಬಿಗಿಹಿಡಿದು ಅಕ್ಕಿಕಾಳಿನಷ್ಟಗಲ ಕೆರೆದಳು, ಊದಿದಳು, ಮತ್ತೆ ಕೆರೆದಳು. ಬಿಳಿಯೊಳಗಿಂದ ಕಪ್ಪು ಗೆರೆಯೊಂದು ಬಾಗಿ ಬಂತು, ಅದರ ಕೆಳಗೆ ಇನ್ನೊಂದು.

"ಮಾವ," ಎಂದಳು, "ಕಣ್ಣು ಬಂತು."

ಕನ್ನಡಕವಿಲ್ಲದಿದ್ದರೆ ತಮ್ಮ ಮುಂದಿನ ತಟ್ಟೆಯೂ ಕಾಣದ ಮಾವ, ಅದನ್ನು ಬಿಚ್ಚಿ, ಮಡಿಸಿ, ಜೇಬಿಗಿಟ್ಟುಕೊಂಡು, ಆಮೇಲೆ ಗೋಡೆಯ ಕಡೆ ತಿರುಗಿದರು.